ರಂಜಕಕ್ಕೆ ಐದು ಕೈ

ಕೆಮಿಸ್ಟ್ರಿ ಮೇಷ್ಟ್ರಿಗೆ ಅವಾಂತರಗಳೆಲ್ಲ ಲ್ಯಾಬಿನೊಳಗೇ ಆಗುತ್ತವೆ ಅಂತ ಜನ ತಿಳಿದಿದ್ದಾರೆ. ಶುದ್ಧ ಸುಳ್ಳು. ನನಗೆ ಆದದ್ದೆಲ್ಲ ಹೊರಗೇ, ಅದೂ ನಾನು ಬಾಯಿ ಬಿಟ್ಟಾಗ.

ತೊಂಬತ್ತರ ದಶಕದ ಕೊನೆಯ ಮಾತು. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಬಾಡಿಗೆ ಕೋಣೆ, ಹರಿಹರದ ಒಂದು ಖಾಸಗಿ ಕಾಲೇಜಿನಲ್ಲಿ ಕೆಲಸ. ನಾಲ್ಕು ವರ್ಷದಿಂದ ಟೆಂಪರರಿ. ನಮ್ಮೂರು ಕೊಕ್ಕನೂರಿನಲ್ಲಿ ಅಪ್ಪ "ನಮ್ಮ ಹುಡುಗ ಲೆಕ್ಚರರ್" ಅಂದರೆ, ಅಕ್ಕ ಒಳಗಿನಿಂದ "ಟೆಂಪರ್ವರಿ" ಅಂತ ಸೇರಿಸುತ್ತಿದ್ದಳು. ಕೊನೆಗೊಂದು ದಿನ ಪ್ರಿನ್ಸಿಪಾಲರು ಕರೆದು, "ಸೋಮವಾರ ಆಡಳಿತ ಮಂಡಳಿ ಅಧ್ಯಕ್ಷರು ನಿಮ್ಮ ಪಾಠ ಕೇಳಾಕ ಬರ್ತಾರೆ. ಒಪ್ಪಿದ್ರೆ ಪರ್ಮನೆಂಟು. ಇಲ್ಲಾಂದ್ರೆ ಬ್ಯಾರೆ ಕಡೆ ನೋಡ್ಕೊಳ್ರಿ" ಎಂದರು. ನನಗೆ ಅನ್ನ ಸೇರದಂತಾಯಿತು.

೧. ಚಾರ್ಜು

ಪಾಠಕ್ಕೆ ರಂಜಕದ, ಅಂದರೆ ಫಾಸ್ಫರಸ್ಸಿನ, ಪೆಂಟಾಕ್ಲೋರೈಡ್ ಆರಿಸಿಕೊಂಡೆ. ಮಾಮೂಲಿಗೆ ಮೂರು ಕ್ಲೋರಿನ್ ಹಿಡಿಯುವ ರಂಜಕ ಇಲ್ಲಿ ಐದನ್ನು ಹಿಡಿಯುತ್ತದೆ. ಮೂರು ಸೊಂಟದ ಸುತ್ತ, ಒಂದು ತಲೆಯ ಮೇಲೆ, ಒಂದು ಕಾಲಡಿ. ಮೇಲಿನದು, ಕೆಳಗಿನದು ಸ್ವಲ್ಪ ದೂರ. ಮೊದಲು ನನ್ನ ಬಿಎಸ್ಸಿ ಹುಡುಗರ ಮೇಲೆ ಅಭ್ಯಾಸ ಮಾಡಿದೆ.

"ನಮ್ಮ ಆಟೋ ಇದ್ದಂಗೆ ಕಣ್ರೋ. ಹಿಂದೆ ಮೂವರು ಗಟ್ಟಿಯಾಗಿ ಕೂತಿರ್ತಾರೆ. ಡ್ರೈವರ್ ಅಕ್ಕಪಕ್ಕ ಇಬ್ಬರು ಅರ್ಧ ಹೊರಗೆ. ಈಗ ಹೇಳ್ರಿ, ಚಾರ್ಜ್ ಯಾರಿಗೆ ಹೆಚ್ಚು?"

ಶಾಮನೂರಿನ ಹುಡುಗ ಎದ್ದ. "ಹಿಂದಿನೋರಿಗೆ ಸರ್. ಮುಂದೆ ನೇತಾಡೋರಿಗೆ ಅರ್ಧ ಚಾರ್ಜು."

ನಾನು ಹೇಳುತ್ತಿದ್ದದ್ದು ವಿದ್ಯುತ್ತಿನ ಚಾರ್ಜು; ದೂರದ ಎರಡು ಕ್ಲೋರಿನ್ನಿಗೇ ಅದು ಹೆಚ್ಚು. "ತಪ್ಪು. ನೇತಾಡೋರಿಗೇ ಹೆಚ್ಚು" ಎಂದೆ.

ಇಡೀ ಕ್ಲಾಸು ಗಾಬರಿಯಾಯಿತು. "ಯಾವ ಆಟೋ ಸರ್ ಅದು? ನಂಬರ್ ಹೇಳ್ರಿ, ನಾವು ಹತ್ತಂಗಿಲ್ಲ."

೨. ನಿಂಬೆಹಣ್ಣು

ಆಟೋ ಬೇಡ, ಮಾದರಿಯನ್ನೇ ತೋರಿಸೋಣ ಅಂತ ಆರು ನಿಂಬೆಹಣ್ಣು ತಂದೆ. ನಡುವಿನದು ರಂಜಕ, ಬೇರೆಯಾಗಿ ಕಾಣಲೆಂದು ಅದಕ್ಕೆ ಕುಂಕುಮ ಹಚ್ಚಿದೆ. ಪೊರಕೆಕಡ್ಡಿ ಚುಚ್ಚಿ ಉಳಿದ ಐದನ್ನು ಸುತ್ತ ಸಿಕ್ಕಿಸಿ, ಒಣಗಲು ಕಿಟಕಿಯಲ್ಲಿಟ್ಟೆ. ಎಷ್ಟು ಚೆಂದ ಬಂದಿತ್ತು!

ಸಂಜೆ ಬಂದು ನೋಡಿದರೆ ಮನೆ ಒಡತಿ ಅಜ್ಜಿ ಅದನ್ನು ಉದ್ದನೆಯ ಕೋಲಿನಿಂದ ಚರಂಡಿಗೆ ನೂಕಿ, ಬಾಗಿಲಿಗೆ ಉಪ್ಪು ಹಾಕುತ್ತಿದ್ದಳು.

"ಓದಿದೋರು ನೀವು. ನನ್ನ ಮನ್ಯಾಗ ಮಾಟ ಮಾಡ್ತೀರೇನ್ರಿ?"

"ಮಾಟ ಅಲ್ಲಜ್ಜಿ, ಪಾಠ! ನನ್ನ ನೌಕರಿ ಕಾಯಂ ಆಗಾಕ ಮಾಡಿದ್ದು" ಎಂದೆ. ಅಳುವುದೊಂದೇ ಬಾಕಿ.

ಅಜ್ಜಿ ಕೋಲು ಕೆಳಗಿಟ್ಟಳು. ದನಿ ಮೆತ್ತಗಾಯಿತು. "ಮೊದ್ಲೇ ಹೇಳಬಾರದೇನ್ರಿ? ನೌಕರಿಗಾದ್ರೆ ಆರು ಸಾಲಂಗಿಲ್ಲ, ಒಂಬತ್ತು ಬೇಕು."

೩. ರಂಜಕ ಪಾಠ

ಸೋಮವಾರ ಬರಿಗೈಯಲ್ಲಿ ಹೋದೆ. ನೋಟಿಸ್ ಬೋರ್ಡಿನಲ್ಲಿ ಗುಮಾಸ್ತರು ದಪ್ಪ ಅಕ್ಷರದಲ್ಲಿ ಬರೆದಿದ್ದರು: "ಇಂದು ಅಧ್ಯಕ್ಷರ ಸಮ್ಮುಖದಲ್ಲಿ ರಂಜಕ ಪಾಠ." ಅಕ್ಕಿ ವ್ಯಾಪಾರಿಯಾದ ಅಧ್ಯಕ್ಷರಿಗೆ ರಂಜಕವೆಂದರೆ ಮನರಂಜನೆ. ನಗಲು ತಯಾರಾಗಿಯೇ ಮುಂದಿನ ಬೆಂಚಿನಲ್ಲಿ ಕೂತರು.

"ರಂಜಕಕ್ಕೆ ಮಾಮೂಲಿ ಮೂರು ಕೈ" ಎಂದೆ. ಅಧ್ಯಕ್ಷರು ಹೋ ಎಂದು ನಕ್ಕರು.

"ಆದರೆ ಕ್ಲೋರಿನ್ ಕಂಡರೆ ಐದನ್ನು ಹಿಡೀತದೆ." ಬೆಂಚು ಬಡಿದರು.

"ಕೋಷ್ಟಕದಲ್ಲಿ ಅದರ ಪಕ್ಕದ ಮನೆಯ ಸಿಲಿಕಾನ್ ಅಂತೂ, ಫ್ಲೋರಿನ್ ಸಿಕ್ಕರೆ ಆರನ್ನೂ ಬಿಡಲ್ಲ." ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡರು. ಅಧ್ಯಕ್ಷರು ನಕ್ಕರೆಂದು ಹುಡುಗರೂ ನಕ್ಕರು. ನಾಲ್ಕು ವರ್ಷದ ದುಡಿಮೆ ನಗೆಪಾಟಲಾಯಿತಲ್ಲ ಎನ್ನಿಸಿತು.

ಪ್ರಿನ್ಸಿಪಾಲರು ಅವರ ಕಿವಿಯಲ್ಲಿ ಏನೋ ಉಸುರಿದರು. ಅಧ್ಯಕ್ಷರ ನಗು ನಿಂತಿತು.

"ಏನ್ರಿ ಮೇಷ್ಟ್ರೇ, ಇದು ಖರೇ ಪಾಠ ಏನ್ರಿ? ಮೂರು ಹಿಡಿಯೋದು ಐದು ಹಿಡೀತೈತಾ?"

"ಖರೇ ಸರ್."

ಗಡ್ಡ ಕೆರೆದುಕೊಂಡು ಯೋಚಿಸಿದರು. ಎದ್ದು ಬಂದು ನನ್ನ ಕೈ ಹಿಡಿದರು. "ಈ ಕ್ಷಣದಿಂದ ನೀವು ಪರ್ಮನೆಂಟು."

ನನಗೆ ಕಣ್ಣು ತುಂಬಿ ಬಂತು. ಅವರು ಕೈ ಬಿಡಲಿಲ್ಲ.

"ಈಗ ನಿಮ್ಮ ಕೈಯಾಗ ಪಾಠ, ಲ್ಯಾಬು, ಲೈಬ್ರರಿ. ಮೂರಾತು. ಇನ್ನು ಹಾಸ್ಟೆಲ್ಲು, ಆಟೋಟ ಎರಡೂ ಹಿಡ್ಕೊಂಡುಬಿಡ್ರಿ. ಐದಾತು."

ನಾನು ತಡವರಿಸಿದೆ. "ಸರ್, ಒಂದು ಮಾತು ಹೇಳೋದು ಬಿಟ್ಟಿದ್ದೆ. ಐದು ಹಿಡಿದಿರೋದನ್ನ ಕಾಯಿಸಿದರೆ ಎರಡು ಉದುರಿ, ಮತ್ತೆ ಮೂರೇ ಉಳೀತಾವೆ."

ಅಧ್ಯಕ್ಷರು ಪ್ರಿನ್ಸಿಪಾಲರ ಕಡೆ ತಿರುಗಿದರು.

"ಇವರ ತಲೆ ಮ್ಯಾಲೆ ಒಂದು ಫ್ಯಾನ್ ಹಾಕಿಸ್ರಿ."