ಶಾಮೀದಸಾಬರ ತೋಳಿನ ಪಟ್ಟಿ

ಗಂಗಾವತಿಯ ಟೇಲರ್ ಶಾಮೀದಸಾಬರ ಬೆರಳಿಗೆ ನಲವತ್ತು ವರ್ಷಗಳಲ್ಲಿ ಸೂಜಿ ಎಷ್ಟು ಸಲ ಚುಚ್ಚಿತ್ತೋ ಲೆಕ್ಕವಿಲ್ಲ. ಆದರೆ ಡಾಕ್ಟರ ಕೈಯ ಸೂಜಿ ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ದಮ್ಮಿನ ಕಾಯಿಲೆ ಇರುವುದರಿಂದ ಫ್ಲೂ ಲಸಿಕೆ ಹಾಕಿಸಿಕೊಳ್ಳಲೇಬೇಕೆಂದು ಡಾಕ್ಟರು ಮೂರು ವರ್ಷದಿಂದ ಹೇಳುತ್ತಿದ್ದರೂ ಸಾಬರು ಜಗ್ಗಿರಲಿಲ್ಲ. ಸತ್ತರೂ ಇಂಜೆಕ್ಷನ್ ಮಾಡಿಸಿಕೊಳ್ಳುವುದಿಲ್ಲ ಎಂಬುದು ಅವರ ಹಟ.

ಈ ಸಲ ಆಸ್ಪತ್ರೆಯಲ್ಲಿ ಹೊಸ ಬಗೆಯ ಲಸಿಕೆಯ ಪ್ರಯೋಗ ನಡೆದಿತ್ತು. ರೂಪಾಯಿಯಷ್ಟಗಲದ ಪಟ್ಟಿ, ಅದರ ತುಂಬ ಕೂದಲಿಗಿಂತ ಸಣ್ಣ ಸೂಜಿಗಳು. ತೋಳಿಗೆ ಒತ್ತಿದರೆ ಅವು ಚರ್ಮದೊಳಗೆ ಕರಗಿ ಔಷಧಿ ಇಳಿಯುತ್ತದೆ, ನೋವೇ ಇಲ್ಲ. ಸಾಬರು ತಾವಾಗಿ ತೋಳು ಚಾಚಿದರು. ಅರ್ಧ ತಾಸು ಬಿಟ್ಟು ಪಟ್ಟಿ ಕಿತ್ತುಬಿಡಿ ಎಂದು ನರ್ಸ್ ಹೇಳಿ ಕಳಿಸಿದಳು.

ಕಿತ್ತದ್ದು ಅಂಗಡಿಯಲ್ಲಿ, ರವಿಕೆ ಹೊಲಿಸಲು ಬಂದ ಹುಲಗಮ್ಮನ ಎದುರಿಗೆ. ಎಡವಟ್ಟಾದದ್ದು ಅಲ್ಲೇ. ಆಕೆ ಪಟ್ಟಿಯ ಮೇಲೆ ಬೆರಳಾಡಿಸಿದಳು. ನುಣ್ಣಗಿತ್ತು.

"ಸೂಜಿ ಎಲ್ಲಿ ಅದಾವ್ರಿ ಸಾಬ್ರ?"

"ಒಳಗ ಕರಗ್ಯಾವ ಹುಲಗವ್ವ."

"ನಿಮ್ಮ ಅಂಗಡ್ಯಾಗ ಇಷ್ಟು ವರ್ಷದಾಗ ಒಂದರ ಸೂಜಿ ಕರಗೈತೇನ್ರಿ?"

ಸಾಬರು ತೋಳನ್ನು ಒತ್ತಿ ಒತ್ತಿ ನೋಡಿಕೊಂಡರು.

"ಮುರದು ಒಳಗ ಉಳದಾವ್ರಿ. ನೆತ್ತರದಾಗ ಹರಕೋಂತ ಎದಿಗೆ ಹೊಕ್ಕಾವು."

ಹೆಂಡತಿ ಅಬೇದಾಬಿ ಓಡಿಬಂದು, ಸೂಜಿ ಮೇಲೇರದಂತೆ ಗಂಡನ ತೋಳಿಗೆ ಅಳತೆ ಟೇಪು ಬಿಗಿದಳು. ಪಕ್ಕದ ರೇಡಿಯೋ ರಿಪೇರಿಯ ವಿರುಪಾಕ್ಷಿ ಹಳೆಯ ಸ್ಪೀಕರಿನ ಅಯಸ್ಕಾಂತ ಹಿಡಿದು ಬಂದ.

"ಸುಮ್ಕ ಕುಂದರ್ರಿ. ಎಲ್ಲಾ ಹೊರಗ ಎಳೀತೀನಿ."

ಸೀದ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದ. ಸೂಜಿ ಬರಲಿಲ್ಲ, ಚರ್ಮ ಬಂತು.

ಭಾಳ ಆಳಕ್ಕೆ ಹೋಗಿವೆ ಎಂದು ಓಣಿ ತೀರ್ಮಾನಿಸಿತು. ಓಣಿ ತೀರ್ಮಾನಿಸಿದ ಮೇಲೆ ರೋಗಿಯ ಮಾತು ಯಾರು ಕೇಳುತ್ತಾರೆ? ಸಾಬರನ್ನು ಆಟೋಕ್ಕೆ ತುಂಬಿದರು. ಅಷ್ಟೊತ್ತಿಗೆ ಸಾಬರಿಗೂ ಎದೆಯಲ್ಲಿ ಚುಚ್ಚಿದಂತಾಗತೊಡಗಿತ್ತು. ಆದರೂ ಹಟ ಬಿಡಲಿಲ್ಲ.

"ಎದಿಗೆ ಹೋದ್ರೂ ಹೋಗಲಿ, ಇಂಜೆಕ್ಷನ್ ಮಾತ್ರ ಬ್ಯಾಡ."

ಡಾಕ್ಟರು ನಕ್ಕರು. "ಅವು ಕಬ್ಬಿಣದ್ವಲ್ರಿ, ಸಕ್ಕರಿ ಇದ್ದಂಗ. ಆವಾಗ್ಲೇ ಕರಗ್ಯಾವ."

ಸಾಬರು ಗೆಲುವಿನಿಂದ ಎದ್ದು ಹೊರಟರು.

"ನಿಂದರ್ರಿ. ಈ ತೋಳು ಯಾಕ ತರಚೈತಿ?"

"ನಮ್ಮ ಅಯಸ್ಕಾಂತದ್ರಿ," ವಿರುಪಾಕ್ಷಿ ಹೆಮ್ಮೆಯಿಂದ ಹೇಳಿದ. "ಸ್ವಲ್ಪ ತುಕ್ಕು ಹಿಡದಿತ್ತು."

ಡಾಕ್ಟರು ಧನುರ್ವಾಯುವಿನ ಔಷಧಿ ತರಲು ನರ್ಸಿಗೆ ಹೇಳಿದರು.

"ಅದರದ್ದೂ ಪಟ್ಟಿ ಇರಬೇಕಲ್ರಿ?" ಸಾಬರು ಇನ್ನೊಂದು ತೋಳು ಚಾಚಿದರು.

"ಇಲ್ರಿ. ಅದಕ್ಕ ಇಂಜೆಕ್ಷನ್ನ."

ಸಾಬರು ಬಾಗಿಲಿಗೆ ಹಾರಿದರು. ಆದರೆ ಅವರ ಪ್ರಾಣ ಉಳಿಸಲು ಅರ್ಧ ಓಣಿಯೇ ಬಂದಿತ್ತಲ್ಲ, ಕೈಗಿಬ್ಬರು ಕಾಲಿಗಿಬ್ಬರು ಹಿಡಿದುಕೊಂಡರು.