ಅಪ್ಪನ ಕೆಮ್ಮನ್ನು ಡಾಕ್ಟರ ಹತ್ತಿರ ಒಯ್ದದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಅಪ್ಪನ ತಪಾಸಣೆಗೆ ಅಪ್ಪನ ಬದಲು ನಾನು ಹೋದದ್ದನ್ನು ಜಾಣತನವೆಂದೇ ತಿಳಿದಿದ್ದೆ. ಮಂದಿಯ ದನಿ ತೆಗೆಯುವ ನನ್ನಂಥ ಮಿಮಿಕ್ರಿಯವರಿಗೆ ಇಂಥ ಭ್ರಮೆ ಸಹಜ. ಕುಷ್ಟಗಿಯ ಅರ್ಧ ಊರು ನನ್ನ ಗಂಟಲಲ್ಲಿದೆ. ನನ್ನ ಸ್ವಂತ ದನಿ ಯಾವುದೆಂಬುದೇ ಕೆಲವೊಮ್ಮೆ ಮರೆತುಹೋಗುತ್ತದೆ.

ಅಪ್ಪನದು ಕಾಳಿನ ಅಂಗಡಿ. ಅವನ ಬಿಪಿ ನೋಡಿಸಲು ಅವ್ವ ಒಂದು ದಿನ ಗೊತ್ತು ಮಾಡುವುದು, ಆ ದಿನವೇ ಅಪ್ಪನಿಗೆ ತಾವರಗೇರಾ ಸಂತೆಯಲ್ಲಿ ತುರ್ತು ಕೆಲಸ ಹುಟ್ಟುವುದು ನಮ್ಮ ಮನೆಯ ಪದ್ಧತಿ. ಸಂತೆ ಇಲ್ಲದ ದಿನವೂ ಹುಟ್ಟುತ್ತದೆ. ಈ ಸಲ ಕೆಮ್ಮೂ ಸೇರಿಕೊಂಡಿತ್ತು. ಅವ್ವನ ತವರಿನಲ್ಲಿ ಒಬ್ಬರು ಹೀಗೇ ಕೆಮ್ಮುತ್ತ ಹಾಸಿಗೆ ಹಿಡಿದಿದ್ದರಂತೆ. ಅಪ್ಪ ಕೆಮ್ಮಿದಾಗಲೆಲ್ಲ ರೊಟ್ಟಿ ಬಡಿಯುವ ಅವಳ ಕೈ ನಿಲ್ಲುತ್ತಿತ್ತು. ಅದನ್ನು ನೋಡಲಾರದೆ ನಾನು ಹೊರಟೆ.

ನಮ್ಮ ಡಾಕ್ಟರು ನನ್ನನ್ನು ತೊಟ್ಟಿಲಿನಿಂದ ಬಲ್ಲವರು. "ಅಪ್ಪ ಬರಂಗಿಲ್ರಿ, ಅವನ ಕೆಮ್ಮು ತಂದೀನಿ" ಎಂದು ಅಪ್ಪನಂತೆ ಕಾಲು ಅಗಲಿಸಿ ಕೂತೆ. ಮೊದಲು ಎರಡು ಒಣ ಕೆಮ್ಮು, ಆಮೇಲೆ ಟವೆಲ್ಲು ಬಾಯಿಗೊತ್ತಿ ಒಂದು ಉದ್ದನೆಯದು, ಕೊನೆಗೆ "ಏನಾಗೈತಿ ನನಗ, ಕಲ್ಲಿದ್ದಂಗ ಅದೀನಿ" ಎಂಬ ಮುಕ್ತಾಯ. ಹೊರಗಿನ ಬೆಂಚಿನಲ್ಲಿ ಯಾರೋ ಅಜ್ಜಿ, ಪಾಪ, ಮುದುಕಗ ಭಾಳ ತ್ರಾಸ ಐತಿ ಎಂದದ್ದು ಕೇಳಿಸಿತು. ಕಲಾವಿದನಿಗೆ ಇನ್ನೇನು ಬೇಕು.

ಡಾಕ್ಟರು ನಗಲಿಲ್ಲ. ಆ ಕುರ್ಚಿಯಲ್ಲಿ ಕೂತವರ ತೋಳಿಗೆ ಪಟ್ಟಿ ಸುತ್ತುವುದು ಅವರ ಕೈಗೆ ರೂಢಿ, ನನಗೂ ಸುತ್ತಿದರು. ಗಾಳಿ ಒತ್ತಿದರು, ಬಿಟ್ಟರು. ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಮತ್ತೆ ಒತ್ತಿದರು. ಆಮೇಲೆ ಅಪ್ಪನಿಗೆ ಫೋನ್ ಮಾಡಿ, ನಿಮ್ಮ ಮಗನ ಬಿಪಿ ಏರಿದೆ, ಬಂದುಹೋಗಿ ಎಂದಷ್ಟೇ ಹೇಳಿದರು.

ತಾವರಗೇರಾದಲ್ಲಿ ಇರಬೇಕಿದ್ದ ಅಪ್ಪ ಚಹಾ ಆರುವುದರೊಳಗೆ ಬಂದ. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ನನ್ನ ಹಣೆ ಮುಟ್ಟಿ ನೋಡಿದ. ಬಿಪಿ ಅಲ್ಲಿರುತ್ತದೆಂದು ಯಾರು ಹೇಳಿದ್ದರೋ. ಡಾಕ್ಟರು ಅವನನ್ನು ಅದೇ ಕುರ್ಚಿಯಲ್ಲಿ ಕೂರಿಸಿ, ಪಟ್ಟಿ ಸುತ್ತಿ, ಎದೆಗೂ ಸ್ಟೆತಾಸ್ಕೋಪು ಇಟ್ಟರು. ಅಷ್ಟು ಗಾಬರಿಯಲ್ಲೂ ಬಿಪಿ ಸರಿಯಾಗಿತ್ತು. ಕೆಮ್ಮು ತೊಗರಿ ಹೊಟ್ಟಿನ ಧೂಳಿನದು, ಚೀಲ ಸುರಿಯುವಾಗ ಬಾಯಿಗೆ ಬಟ್ಟೆ ಕಟ್ಟಿದರೆ ಸಾಕು ಎಂದರು. ಉಪ್ಪಿನಕಾಯಿ ಬಿಡಬೇಕಾದವನು, ಮುಂಜಾನೆ ಎದ್ದು ನಡೆಯಬೇಕಾದವನು, ತಿಂಗಳಿಗೊಮ್ಮೆ ಬಂದು ತೋರಿಸಬೇಕಾದವನು ನಾನು.

ನಾನು ಸುಮ್ಮನಿರಬಹುದಿತ್ತು. ಆದರೆ ಪಟ್ಟಿ ಸುತ್ತಿದ ಹೊತ್ತಿನಲ್ಲಿ ನಾನು ಅಪ್ಪನ ಪಾತ್ರದಲ್ಲಿದ್ದೆ, ಆದ್ದರಿಂದ ಏರಿದ್ದು ನನ್ನ ಬಿಪಿಯಲ್ಲ, ಅಪ್ಪನದೇ ಎಂದು ಡಾಕ್ಟರ ಮುಂದೆ ವಾದಿಸಿದೆ. ಅಪ್ಪ ನಿಧಾನವಾಗಿ ಅಂಗಿಯ ತೋಳು ಇಳಿಸಿ, ಗುಂಡಿ ಹಾಕಿಕೊಂಡು ಹೇಳಿದ:

"ಲೇ ಮಗನ, ನನ್ನ ಕೆಮ್ಮು ತೆಗಿಯೋದು ಕಲ್ತಿ, ಛಲೋ ಆತು. ಇನ್ನ ನನ್ನ ಬಿಪಿ ತೆಗಿಯೋದು ಕಲಿ."