ತಟ್ಟುತ್ತಲೇ ಇರಿ

ತಪ್ಪು ತನ್ನದಲ್ಲ, ಗ್ರೀಕ್ ವ್ಯಾಕರಣದ್ದು ಎಂದು ಅವನು ಇಂದಿಗೂ ವಾದಿಸುತ್ತಾನೆ.

ಅವನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ದಿನವಿಡೀ ಅಕ್ಷರಗಳಲ್ಲಿ ಹೇನು ಹುಡುಕುವ ಕೆಲಸ. ರದ್ದಿ ಅಂಗಡಿಯಲ್ಲಿ ಸಿಕ್ಕಿದ ಗ್ರೀಕ್ ವ್ಯಾಕರಣವೊಂದನ್ನು ಅರ್ಧ ಓದಿದ್ದೇ ತಡ, ಮಾತುಮಾತಿಗೂ “ಮೂಲಭಾಷೆಯಲ್ಲಿ ಹಾಗಿಲ್ಲ” ಅನ್ನತೊಡಗಿದ. ಅವನು ವಾಸವಿದ್ದ ಕಟ್ಟಡದವರು ಅವನಿಗೆ ‘ಮೂಲಭಾಷೆ’ ಎಂದೇ ಹೆಸರಿಟ್ಟರು. ಪಾಪ, ಅವನು ಅದನ್ನು ಬಿರುದೆಂದುಕೊಂಡ.

ಒಂದು ಸಂಜೆ ಕಟ್ಟಡದವರ ಪ್ರಾರ್ಥನಾ ಕೂಟದಲ್ಲಿ ಪಾಸ್ಟರ್ ಗಂಟಲು ಕಟ್ಟಿ ಕೂತಿದ್ದರು. ಮಾತಾಡುವ ಅವಕಾಶ ಇವನ ಪಾಲಿಗೆ ಬಂತು.

“‘ಬೇಡಿರಿ, ತಟ್ಟಿರಿ’ ಅಂತ ನಾವು ಓದ್ತೀವಿ. ಮೂಲಭಾಷೆಯಲ್ಲಿ ಅದು ಒಂದು ಸಲಕ್ಕೆ ಮುಗಿಯೋ ಕೆಲಸ ಅಲ್ಲ! ಬೇಡ್ತಾನೇ ಇರಿ, ತಟ್ತಾನೇ ಇರಿ! ಲೂಕನ ಸುವಾರ್ತೆಯಲ್ಲಿ ಈ ಮಾತಿಗೆ ಮುಂಚೆ ಒಂದು ಕತೆ ಬರುತ್ತೆ. ಒಬ್ಬ ಅಪರಾತ್ರಿಯಲ್ಲಿ ಗೆಳೆಯನ ಬಾಗಿಲಿಗೆ ಹೋಗಿ ರೊಟ್ಟಿ ಕೇಳ್ತಾನೆ. ಒಳಗಿದ್ದವನು ಕೊನೆಗೆ ಎದ್ದು ಕೊಡೋದು ಸ್ನೇಹಕ್ಕಲ್ಲ, ಕೇಳೋನ ‘ಅನೈಡಿಯಾ’ಗೆ. ಅಂದ್ರೆ ನಾಚಿಕೆಗೇಡಿತನಕ್ಕೆ! ಅದಕ್ಕೇ ಹೇಳ್ತೀನಿ, ನಾಚಿಕೆ ಬಿಟ್ಟು ಕೇಳಿ!”

“ಒಳ್ಳೇ ಐಡಿಯಾ,” ಎಂದರು ಮೇಲಿನ ಮನೆಯ ನಿವೃತ್ತ ಡ್ರೈವರು. ಇವನು ಆ ರಾತ್ರಿ ಮೀಸೆಯಡಿ ನಗುತ್ತಲೇ ನಿದ್ದೆ ಹೋದ.

ಮರುದಿನ ರಜೆ. ಹೆಂಡತಿ ಬೆಳಗ್ಗೆಯೇ ಬಣ್ಣದ ಡಬ್ಬ ಮುಂದಿಟ್ಟಳು.

“ಸಂಜೆ ಅಪ್ಪ ಬರ್ತಿದ್ದಾರೆ. ಹೋದ ಸಲ ನಮ್ಮ ತೇವದ ಗೋಡೆ ನೋಡಿ ‘ಇದ್ಯಾವ ದೇಶದ ನಕ್ಷೆ?’ ಅಂದಿದ್ರು. ಇವತ್ತು ಅಷ್ಟೂ ದೇಶ ಅಳಿಸಿಬಿಡಬೇಕು.”

ಅವನು ತಲೆಗೆ ಕಾಗದದ ಟೋಪಿ ಹಾಕಿಕೊಂಡು, ಕನ್ನಡಕ ತೆಗೆದಿಟ್ಟು, ಏಣಿ ಹತ್ತಿದ. ಎರಡು ಗೆರೆ ಎಳೆದಿರಬಹುದು, ಬಾಗಿಲು ಬಡಿಯಿತು. ಡ್ರೈವರು.

“ಏಣಿ ಬೇಕಿತ್ತು. ಬಲ್ಬು ಬದಲಾಯಿಸಬೇಕು.”

“ನಾನೇ ಅದರ ಮೇಲಿದ್ದೆ ಸಾರ್. ಆಮೇಲೆ ಕೊಡ್ತೀನಿ.”

ಬಾಗಿಲು ಮುಚ್ಚಿದ. ಮತ್ತೆ ಬಡಿಯಿತು. ತೆರೆಯಲಿಲ್ಲ. ಮರಕುಟಿಗ ಒಣಮರಕ್ಕೆ ಕುಟ್ಟಿದಂತೆ ಟಕಟಕ ಶುರುವಾಯಿತು. ಸಾಕಾಗಿ ತೆರೆದರೆ ಡ್ರೈವರು ಹಲ್ಲು ಕಿರಿದು ನಿಂತಿದ್ದರು. “ತಟ್ತಾನೇ ಇರಿ ಅಂದ್ರಲ್ಲ! ನೋಡಿ, ತೆರೀತು!”

ಏಣಿ ಹೋಯಿತು. ಮೇಜಿನ ಮೇಲೆ ಕುರ್ಚಿ ಇಟ್ಟು ಹತ್ತಿದ. ಕೆಳಮನೆಯ ದರ್ಜಿ ಅಕ್ಕ ಬಂದಳು. ಬಟ್ಟೆ ಕತ್ತರಿಸಲು ಅವಳಿಗೆ ಮೇಜು ಬೇಕಂತೆ.

“ತುಂಬಾ ದಿನದಿಂದ ಕೇಳೋಣ ಅಂತಿದ್ದೆ, ನಾಚಿಕೆ ಆಗ್ತಿತ್ತು. ನಿನ್ನೆ ನೀವು ಬಿಡಿಸಿಬಿಟ್ರಿ. ನಿಮಗೆ ಪುಣ್ಯ ಬರಲಿ.”

ಮೇಜಿನ ಹಿಂದೆಯೇ ಕುರ್ಚಿಯೂ ಹೋಯಿತು. ಎದುರುಮನೆಯ ಅಜ್ಜಿ ಬಂದು ಅಗಲದ ಬ್ರಷ್ಷನ್ನು ಧೂಳು ಹೊಡೆಯಲು ಒಯ್ದರು. ಮಧ್ಯಾಹ್ನದ ಹೊತ್ತಿಗೆ ಅವನು ಬಕೆಟ್ ಬೋರಲು ಹಾಕಿ, ತುದಿಗಾಲಲ್ಲಿ ನಿಂತು, ಹಲ್ಲುಜ್ಜುವ ಬ್ರಷ್ಷಿನಷ್ಟೇ ಇದ್ದ ಕುಂಚದಿಂದ ಗೋಡೆಗೆ ಕಾಡಿಗೆ ಹಚ್ಚಿದಂತೆ ಬಣ್ಣ ಬಳಿಯುತ್ತಿದ್ದ.

“ರೀ, ನಿಮ್ಮ ಗ್ರೀಕ್‌ನಲ್ಲಿ ‘ಇಲ್ಲ’ ಅನ್ನೋಕೆ ಪದವೇ ಇಲ್ವಾ?” ಹೆಂಡತಿ ಕೇಳಿದಳು.

“ಇರುತ್ತೆ. ಆ ಪಾಠಕ್ಕೆ ನಾನಿನ್ನೂ ಬಂದಿಲ್ಲ.”

ಅಷ್ಟರಲ್ಲಿ ಅಜ್ಜಿ ಬಂದು ಬಕೆಟ್ ಕೇಳಿದರು. ಇಳಿದು ಕೊಟ್ಟವನು ಬಣ್ಣದ ಕೈಯಲ್ಲೇ ಸುವಾರ್ತೆ ತೆರೆದ. ಕರಡು ತಿದ್ದುವವನಿಗೆ ಅಕ್ಷರ ಕಾಣುತ್ತದೆ, ಸಾಲು ಕಾಣುವುದಿಲ್ಲ. ಆ ಕತೆಯನ್ನು ಅವನು ಮೊದಲಿನಿಂದ ಕೊನೆಯವರೆಗೆ ಓದಿದ್ದು ಅಂದೇ ಮೊದಲು. ಓದುತ್ತಾ ಓದುತ್ತಾ ಕುಣಿದಾಡಿಬಿಟ್ಟ. ಮೆಟ್ಟಿಲ ಬಳಿ ಓಡಿ ಚಪ್ಪಾಳೆ ತಟ್ಟಿ ಎಲ್ಲರನ್ನೂ ಕರೆದ.

“ನಿನ್ನೆ ನಾನು ಅರ್ಧ ಹೇಳಿದ್ದೆ! ಆ ಮನುಷ್ಯ ರೊಟ್ಟಿ ಕೇಳಿದ್ದು ತನಗಲ್ಲ, ಮನೆಗೆ ಬಂದ ಅತಿಥಿಗೆ! ಸಂದರ್ಭ ನೋಡಬೇಕು, ಸಂದರ್ಭ! ಇನ್ನು ಮೇಲೆ ಯಾರೂ ತಮಗೋಸ್ಕರ ಕೇಳಬಾರದು!”

ಎಲ್ಲರೂ ಮುಖ ಮುಖ ನೋಡಿಕೊಂಡರು. ಡ್ರೈವರು ತಲೆತಗ್ಗಿಸಿ ಏಣಿ ತಂದಿಟ್ಟರು. ಅಜ್ಜಿ ಬ್ರಷ್ಷು ಹಿಂತಿರುಗಿಸಿದರು. ಯುದ್ಧ ಗೆದ್ದವನಂತೆ ಅವನು ಏಣಿ ಹತ್ತಿದ.

ಬ್ರಷ್ಷು ಗೋಡೆಗೆ ತಾಗಿತ್ತೋ ಇಲ್ಲವೋ, ಬಾಗಿಲು ಬಡಿಯಿತು.

“ನನಗಲ್ಲ ಸಾರ್,” ಎಂದಳು ದರ್ಜಿ ಅಕ್ಕ. “ಎದುರುಮನೆ ಅಜ್ಜಿಗೆ. ಅವರ ಬಾಗಿಲಿನ ಬಣ್ಣ ಸಿಪ್ಪೆ ಎದ್ದಿದೆ. ಹೇಗೂ ಏಣಿ ಹತ್ತಿದ್ದೀರಿ...”

ಅವಳ ಹಿಂದೆ ಅಜ್ಜಿ. “ನನಗಲ್ಲ ಮಗಾ. ಪಾಪ, ಡ್ರೈವರ ಮನೆ ನಲ್ಲಿ ಸೋರುತ್ತೆ, ನೋಡಬಾರದಾ?” ಅಜ್ಜಿಯ ಹಿಂದೆ ಡ್ರೈವರು. “ನನಗಲ್ಲ ಸಾರ್. ದರ್ಜಿ ಅಕ್ಕನ ಹೊಲಿಗೆ ಯಂತ್ರ ದುರಸ್ತಿಯಾಗಿ ಬಂದು ಬೀದಿಯಲ್ಲೇ ಕೂತಿದೆ, ಅವರ ಮನೆಗೆ ಹತ್ತಿಸಬೇಕಿತ್ತು.”

ತಮಗಾಗಿ ಕೇಳುವಾಗ ಅವರ ತಲೆ ತುಸುವಾದರೂ ತಗ್ಗುತ್ತಿತ್ತು. ಈಗ ಎಲ್ಲರ ಎದೆಯೂ ಹಿಗ್ಗಿತ್ತು. ಇದುವರೆಗೆ ಇವನ ಹೊಸಿಲು ತುಳಿಯದವರೂ ಇನ್ನೊಬ್ಬರ ಕಷ್ಟ ಹೊತ್ತು ಮೆಟ್ಟಿಲು ಹತ್ತಿ ಬಂದರು. ತಾನೇ ಆಡಿದ ಮಾತು, ಇಲ್ಲ ಎನ್ನುವಂತಿರಲಿಲ್ಲ; ಅವನು ಏಣಿ ಹೊತ್ತು ಹೊರಟ.

ನಲ್ಲಿ ರಿಪೇರಿಯಾಯಿತು. ಯಂತ್ರ ಮೇಲೇರಿತು. ಬೆಳಕು ಮಾಸುವ ಹೊತ್ತಿಗೆ ಅವನು ಅಜ್ಜಿಯ ಬಾಗಿಲಿಗೆ ಎರಡನೇ ಕೈ ಬಳಿಯುತ್ತಿದ್ದ. ಕನ್ನಡಕವಿಲ್ಲದ ಮುಖದ ತುಂಬ ಬಣ್ಣದ ಚುಕ್ಕೆ, ಹುಬ್ಬಿನವರೆಗೆ ಇಳಿದ ಕಾಗದದ ಟೋಪಿ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಚೀಲ ಹಿಡಿದ ಮಾವನವರು ಏದುಸಿರು ಬಿಡುತ್ತಾ ಬಂದು ನಿಂತರು. ಮಗಳ ಮನೆಯ ತೆರೆದ ಬಾಗಿಲಿನಿಂದ ಒಳಗೆ ಇಣುಕಿ, ಅರ್ಧ ಬಳಿದ ಗೋಡೆ ನೋಡಿ ತಲೆ ಚಚ್ಚಿಕೊಂಡರು. ಅಜ್ಜಿಯ ಬಾಗಿಲನ್ನು ನೋಡಿ ಮೆಚ್ಚಿದರು. ಆಮೇಲೆ ಏಣಿಯ ಬುಡಕ್ಕೆ ಬಂದು ದನಿ ತಗ್ಗಿಸಿದರು.

“ಏನಪ್ಪಾ ಪೇಂಟರ್, ಕೈ ಚೆನ್ನಾಗಿದೆ. ಇದು ಮುಗಿದ ಮೇಲೆ ಆ ಮನೆಗೂ ಸ್ವಲ್ಪ ಬಂದು ಹೋಗು. ಅಲ್ಲೊಬ್ಬ ದಂಡಪಿಂಡ ಇದ್ದಾನೆ, ಅವನಿಂದ ಏನೂ ಆಗಲ್ಲ. ನನಗಲ್ಲಪ್ಪಾ, ನನ್ನ ಮಗಳಿಗೋಸ್ಕರ ಕೇಳ್ತಿದ್ದೀನಿ.”

ಅವನು ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡು, ದನಿ ಬದಲಿಸಿ ಹೇಳಿದ:

“ಬಂದೆ ಯಜಮಾನ್ರೇ.”